ಸುಣ್ಣದ ಅಯ್ನೋರು

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ವಿಭೂತಿಯಿಂದ, ಮಧ್ಯಾಹ್ನದ ಮೇಲೆ ಸೀಮೆಸುಣ್ಣದಿಂದ. ಸಂಜೆ ನಮ್ಮ ಜಗಲಿ ಇಳಿದು ಹೊರಡುವ ಹೊತ್ತಿಗೆ ಎರಡೂ ಬೆರೆತು, ಯಾವುದು ದೇವರದು, ಯಾವುದು ಪಾಠದ್ದು ಎಂದು ಅವರಿಗೂ ಗೊತ್ತಾಗುತ್ತಿರಲಿಲ್ಲವೇನೋ. ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರೆ ಎಣ್ಣೆ ಹಾಕಿ ಬಾಚಿದ ಕೂದಲಿಗೆಲ್ಲ ಬಿಳಿಯ ಪುಡಿ ಮೆತ್ತಿಕೊಳ್ಳುತ್ತಿತ್ತು. ಅವ್ವ ಗೊಣಗುತ್ತಲೇ ಸೆರಗಿನಿಂದ ಒರೆಸುತ್ತಿದ್ದಳು.

ನಮ್ಮದು ಬೆಟ್ಟದಪುರದ ಮಗ್ಗುಲಿನ ಹಳ್ಳಿ. ಮನೆಯ ಮುಂಬಾಗಿಲು ತೆಗೆದರೆ ಎದುರಿಗೆ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಸ್ವಾಮಿಯ ಗುಡಿ. ಮನೆಯ ಸುತ್ತ ಹೊಗೆಸೊಪ್ಪಿನ ಹೊಲ, ರಾಗಿಯ ಹೊಲ. ನಾವು ಲಿಂಗವಂತರು. ಅವರು ತಲೆತಲಾಂತರದಿಂದ ನಮ್ಮ ಮನೆಗೆ ಪೂಜೆಗೆ ಬರುತ್ತಿದ್ದ ಜಂಗಮರ ಮನೆತನದವರು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದಕ್ಕೂ ಅವರೇ, ಮದುವೆಗೂ ಅವರೇ, ಸತ್ತರೆ ಮಣ್ಣು ಮಾಡುವುದಕ್ಕೂ ಅವರೇ. ಊರಿಗೆಲ್ಲ ಅವರು ಅಯ್ನೋರು. ಮೈಸೂರಿನಲ್ಲಿ ಬಿಟ್ಟಿ ಊಟದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದವರು, ತಂದೆ ತೀರಿಕೊಂಡದ್ದರಿಂದ ಓದನ್ನು ಅರ್ಧಕ್ಕೆ ಬಿಟ್ಟು ಬಂದು ತಂದೆಯ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡರಂತೆ. ಆ ಜೋಳಿಗೆಯೊಳಗೆ ವಿಭೂತಿ ಗಟ್ಟಿಯ ಪಕ್ಕದಲ್ಲೇ ಒಂದು ಭೂತಗನ್ನಡಿ, ಒಂದು ಸೂಜಿಗಲ್ಲು, ಬಣ್ಣದ ಗಾಜಿನ ಚೂರುಗಳು. ದೇವರು ಅವುಗಳ ಜೊತೆ ಹೊಂದಿಕೊಂಡಿದ್ದ.

ನಾನು ದೊಡ್ಡವಳಾದೆ ಅಂತ ಸ್ಕೂಲು ಬಿಡಿಸಿದರು. ಹಾಗೆ ಹೇಳಿದ್ದು ನಮ್ಮ ಅಜ್ಜಿ, ಅಪ್ಪನ ತಾಯಿ. ಅಜ್ಜಿಗೆ ಗಂಡ ಹೋಗಿ ಎಷ್ಟೋ ವರ್ಷವಾಗಿದ್ದರೂ ಮನೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. "ಓದಿದ್ದು ಸಾಕು ಬುಡು. ಗಂಡುಹೈಕಳ ಸ್ಕೂಲಿಗೆ ದೊಡ್ಡೋಳಾದ ಎಣ್ಣ ಕಳ್ಸಕ್ಕೆ ನಮಗೇನ್ ಗ್ರಾಚಾರವಾ?" ಅಂದಳು. ನಾನು ಅತ್ತೆ, ಊಟ ಬಿಟ್ಟೆ, ಕಣಜದ ಮರೆಯಲ್ಲಿ ಹೋಗಿ ಕೂತೆ. ಅಪ್ಪನಿಗೆ ಮನಸ್ಸು ತಡೆಯಲಿಲ್ಲ. ಹೇಗಿದ್ದರೂ ಅಯ್ನೋರು ಮನೆಗೆ ಬರುವವರೇ ತಾನೆ, ಅವರೇ ಮನೆಯಲ್ಲಿ ಹೇಳಿಕೊಡಲಿ ಎಂದು ಮೆಲ್ಲಗೆ ಮಾತು ತೆಗೆದರು. ಅಜ್ಜಿ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ಅಯ್ನೋರು ಏಳ್ಕೊಡೋದು ಅಂದ್ರೆ ದೇವರ ಪಾಠ. ಅದಾದ್ರೆ ಆಗ್ಲಿ" ಎಂದಳು.

ಅಪ್ಪನೂ ಅಯ್ನೋರೂ ಅಜ್ಜಿಗೆ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಬೇರೆ ಇತ್ತು. ಮನೆಯಲ್ಲೇ ಓದಿ ಹುಣಸೂರಿನಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದಂತೆ. ಅದರಲ್ಲಿ ವಿಜ್ಞಾನದ ಪಾಠವೂ ಇತ್ತಂತೆ. ನನಗಂತೂ ಆ ಪರೀಕ್ಷೆಯೊಂದೇ ಹೊರಗಿನ ಲೋಕಕ್ಕೆ ಉಳಿದ ಬಾಗಿಲಾಗಿತ್ತು.

ಆ ಮಧ್ಯಾಹ್ನಗಳು ಈಗಲೂ ನನ್ನ ಕನಸಿಗೆ ಬರುತ್ತವೆ. ಪಡಸಾಲೆಯ ಕಂಬಕ್ಕೆ ಒರಗಿ ನಾನು, ಎದುರಿಗೆ ಚಾಪೆಯ ಮೇಲೆ ಅವರು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲು ನೆಲದ ಮೇಲೆ ತೆವಳುತ್ತಿರುತ್ತಿತ್ತು. ಅದರೊಳಗೆ ದೂಳಿನ ಕಣಗಳು ಮೇಲಕ್ಕೂ ಕೆಳಕ್ಕೂ ಸುಮ್ಮನೆ ತೇಲಾಡುತ್ತಿದ್ದವು. ಅಯ್ನೋರು ಮೊದಲು ಕಣ್ಣು ಮುಚ್ಚಿ ಒಂದು ಶಿವಸ್ತುತಿ ಹೇಳುತ್ತಿದ್ದರು. ಅದು ಒಳಗಿದ್ದ ಅಜ್ಜಿಯ ಕಿವಿಗೆ. ಆಮೇಲೆ ದನಿ ತಗ್ಗಿಸಿ, "ಈಗ ಬಿಸಿಲ ನೋಡು ಮಗಾ, ಅದು ನೆಟ್ಟಗೆ ಬತ್ತದೋ, ಬಗ್ಗಿ ಬತ್ತದೋ?" ಎನ್ನುತ್ತಿದ್ದರು. ಅದು ನನ್ನ ಕಿವಿಗೆ. ಹೊರಗೆ ಎಲ್ಲೋ ಹೊಗೆಸೊಪ್ಪು ಪೋಣಿಸುವ ಹೆಂಗಸರ ಮಾತು, ಒಳಗೆ ಅವ್ವ ರಾಗಿ ಬೀಸುವ ಸದ್ದು. ಎಷ್ಟೋ ಸಲ ನಾನು ನಿದ್ದೆಯಲ್ಲಿದ್ದೇನೋ ಪಾಠದಲ್ಲಿದ್ದೇನೋ ಎಂದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಮುಂಬಾಗಿಲು, ಕಿಟಕಿ ಎಲ್ಲ ಮುಚ್ಚಿಸಿದರು. ಬಾಗಿಲಿನಲ್ಲಿ ಚಿಲಕದ ಪಕ್ಕ ಒಂದು ಸಣ್ಣ ತೂತಿತ್ತು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಎದುರಿನ ಬಿಳಿಗೋಡೆಯ ಮೇಲೆ ನಮ್ಮ ಬೆಟ್ಟ! ತಲೆಕೆಳಗಾಗಿ ನೇತಾಡುತ್ತಿದೆ, ಗುಡಿ ಬೆಟ್ಟಕ್ಕಿಂತ ಕೆಳಗೆ, ಅದರ ಕೆಳಗೆ ಮುಗಿಲು ತೇಲುತ್ತಿದೆ. ಹಗಲು ಹೊತ್ತಿನಲ್ಲಿ ಬಾಗಿಲು ಯಾಕೆ ಹಾಕಿದರು ಅಂತ ನೋಡಲು ಬಂದ ಅಜ್ಜಿ, "ಅಯ್ಯೋ ಸಿವನೆ, ಬೆಟ್ಟ ಬುದ್ದೋಯ್ತಲ್ಲಪ್ಪೋ!" ಎಂದು ಎದೆ ಹಿಡಿದುಕೊಂಡಳು. ಅಯ್ನೋರು ಬಾಗಿಲು ತೆಗೆದು ನಿಜವಾದ ಬೆಟ್ಟ ಇದ್ದಲ್ಲೇ ಇರುವುದನ್ನು ತೋರಿಸಿ, ಮತ್ತೆ ಮುಚ್ಚಿ ಗೋಡೆ ತೋರಿಸಿದರು. ಅಜ್ಜಿ ಆ ತಲೆಕೆಳಗಾದ ಗುಡಿಗೂ ಒಂದು ಸಲ ಕೈ ಮುಗಿದಳು. "ಯಾವ ಕಡೀಕೆ ಇದ್ರೂ ಸ್ವಾಮಿ ಸ್ವಾಮಿನೇ" ಎಂದು ಒಳಗೆ ಹೋದಳು. ಅದನ್ನೂ ಅವಳು ದೇವರ ಪಾಠದ ಲೆಕ್ಕಕ್ಕೇ ಹಾಕಿಕೊಂಡಳು ನೋಡಿ!

ಹುಳಿಗೂ ಕ್ಷಾರಕ್ಕೂ ಇರುವ ವ್ಯತ್ಯಾಸ ಹೇಳಿಕೊಡುವಾಗ ಅವರು ಬಟ್ಟೆಯ ತುಂಡನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದರು. ಸುಣ್ಣದ ತಿಳಿ ಬಿಟ್ಟರೆ ಬಟ್ಟೆ ಕೆಂಪು, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಒಲೆಯ ಬೂದಿಯ ನೀರಿಗೂ ಕೆಂಪಾಯಿತು. ನನಗೆ ಚೇಷ್ಟೆ. "ನಿಮ್ಮ ವಿಭೂತಿ ಹಾಕಿದ್ರೆ?" ಎಂದು ಕೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಜೋಳಿಗೆಯಿಂದ ವಿಭೂತಿ ತೆಗೆದು, ಕಣ್ಣಿಗೊತ್ತಿಕೊಂಡು, ಚಿಟಿಕೆಯಷ್ಟನ್ನು ಹನಿ ನೀರಲ್ಲಿ ಕದಡಿ ಅವರೇ ಬಟ್ಟೆಗೆ ಬಿಟ್ಟರು. ಮಾಸಲು ಕೆಂಪು ಬಂತು.

"ನೋಡ್ದಾ? ಬಟ್ಟೆ ಮ್ಯಾಲೆ ಅದು ಬೂದಿನೇ" ಎಂದರು. ಉಳಿದದ್ದನ್ನು ನನ್ನ ಹಣೆಗೆ ಎಳೆದು, "ಇಲ್ಲಿ ವಿಭೂತಿ. ಎರಡೂ ಸುಳ್ಳಲ್ಲ ಕಣವ್ವ. ಆದ್ರೆ ಒಂದರ ಕೆಲಸ ಇನ್ನೊಂದರ ಕೈಲಿ ಮಾಡ್ಸಕ್ಕೆ ಹೋಗ್ಬಾರ್ದು" ಎಂದರು. ಆಗ ನನಗೆ ಆ ಮಾತು ಅರ್ಥವಾಗಿದ್ದು ಅಷ್ಟಕ್ಕಷ್ಟೆ.

ಪರೀಕ್ಷೆ ಹತ್ತಿರ ಬರುತ್ತಿದ್ದಾಗ ನಮ್ಮಣ್ಣನ ಮದುವೆಯಾಯಿತು. ಹೆಣ್ಣು ಕೃಷ್ಣರಾಜನಗರದ ಕಡೆಯ ನಾಲೆಬಯಲಿನ ಊರಿನವಳು. ನಮ್ಮ ಕಡೆಯ ಒಣಹೊಲಗಳ ಮಧ್ಯೆ ಅವಳು ಗಾಡಿ ಇಳಿದಾಗ ಊರಿಗೆ ಊರೇ ನೋಡುತ್ತ ನಿಂತಿತು. ಅಷ್ಟು ಚೆಲುವೆ ನಮ್ಮ ಅತ್ತಿಗೆ. ಹೊಸಿಲ ಆಚೆ ಅಣ್ಣ ಅತ್ತಿಗೆ ನಿಂತಿದ್ದರು. ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಅವ್ವ ಓಕುಳಿ ಆರತಿ ಎತ್ತಿದಳು. ನೀರಿಗೆ ಅರಿಶಿನ ಸುಣ್ಣ ಕಲಸಿದರೆ ಆಗುವ ಕೆಂಪು ನೀರೇ ಓಕುಳಿ. ದೃಷ್ಟಿ ಹೋಗಲಿ ಅಂತ ಅದನ್ನು ತಟ್ಟೆಯಲ್ಲಿ ಇಳಿ ತೆಗೆಯುತ್ತಾರೆ. ನಡುವೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ.

ಅವ್ವ ತಟ್ಟೆ ತಿರುಗಿಸಿದಳು. ತಿರುಗಿಸಿದಂತೆಲ್ಲ ಕೆಂಪು ನೀರು ಕಂದಿತು, ಕಿತ್ತಳೆಯಾಯಿತು, ನೋಡನೋಡುತ್ತ ಹಳದಿಯಾಗಿ ನಿಂತಿತು.

"ಅಯ್ಯೋ, ಕೆಂಪು ಓಯ್ತಲ್ಲೇ!" ಎಂದು ಯಾರೋ ಹೆಂಗಸು ಕಿರುಚಿದಳು. ಅವ್ವನ ಕೈಯ ತಟ್ಟೆ ತುಳುಕಿತು. "ಹೊಸಿಲಲ್ಲೇ ಇಂಗಾದ್ರೆ ಮುಂದೇನ್ ಗತಿ?" "ವಸಿ ತಡೀರಿ, ಒಳೀಕೆ ಕರ್ಕೊಬೇಡಿ." ಕೆಂಪು ಅಂದರೆ ಕುಂಕುಮ, ಕುಂಕುಮ ಅಂದರೆ ಮುತ್ತೈದೆತನ. ಅದು ಹೊಸಿಲಲ್ಲೇ ಅಳಿಸಿಹೋದ ಮೇಲೆ ಇನ್ನೇನು ಉಳಿಯಿತು? ಮುಂದೆ ಈ ಮನೆಯಲ್ಲಿ ಹಸು ಸತ್ತರೂ ಮಳೆ ತಪ್ಪಿದರೂ ಈ ಹುಡುಗಿಯ ಕಾಲ್ಗುಣ ಎನ್ನುತ್ತಾರೆ, ಸಾಯುವ ತನಕ ಎನ್ನುತ್ತಾರೆ. ಒಳಗಿಡಲು ಎತ್ತಿದ್ದ ಬಲಗಾಲನ್ನು ಅತ್ತಿಗೆ ಹಿಂದಕ್ಕೆ ಎಳೆದುಕೊಂಡಳು. ಅಣ್ಣ ಏನೂ ತೋಚದೆ ಅವಳ ಸೆರಗಿನ ಗಂಟನ್ನೇ ಹಿಡಿದುಕೊಂಡಿದ್ದ.

ಅಯ್ನೋರು ಮುಂದೆ ಬಂದರು. ಕರ್ಪೂರವಿದ್ದ ಎಲೆಯನ್ನು ಮೆಲ್ಲಗೆ ಎತ್ತಿದರು. ಅದರಡಿ ನಾಲ್ಕು ಸೀಳು ಮಾಡಿದ ಒಂದು ನಿಂಬೆಹಣ್ಣು. "ಇದ ಯಾರು ಮಡಗಿದ್ರು?" ಎಂದು ಸುತ್ತ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ನನ್ನ ಕಡೆ ತಿರುಗಿ, "ಮಗಾ, ನೀನ್ ಹೇಳು. ಏನಾಯ್ತು?" ಎಂದರು.

ಅಷ್ಟು ಜನರ ಮುಂದೆ! ಅಜ್ಜಿ ಕಂಬದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. "ಹುಳಿ ಬಿತ್ತು ಅಯ್ನೋರೆ" ಎಂದೆ.

"ಈಗೇನ್ ಮಾಡ್ಬೇಕು?"

"ಸುಣ್ಣ ಹಾಕ್ಬೇಕು."

ಅಲ್ಲೇ ಕೂತಿದ್ದ ಮುದುಕರೊಬ್ಬರ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ನಿಂಬೆಹಣ್ಣು ಆಚೆಗಿಟ್ಟು, ಬೆರಳಿನಿಂದ ಸುಣ್ಣ ತೆಗೆದು ಕದಡಿದೆ. ತಟ್ಟೆಯ ನೀರು ರಕ್ತದಷ್ಟು ಕೆಂಪಾಯಿತು.

ಜನ "ಓ" ಎಂದರು. ಆ ಮುದುಕರೇ ಮೊದಲು ಅಯ್ನೋರ ಕಾಲಿಗೆ ಬಿದ್ದರು. "ಏನ್ ಮಹಿಮೆ ನಿಮ್ದು ಬುದ್ಧಿ! ಓದ ಮುತ್ತೈದೆತನ ತಂದ್ಕೊಟ್ರಿ!" ಹೆಂಗಸರು ಸೆರಗು ಹಿಡಿದು ಕೈ ಮುಗಿದರು. ಅಯ್ನೋರು ಆಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪವಾಡ ಮಾಡಿದ ಜಂಗಮ ಎಂದು ಸರಗೂರಿನ ತನಕ ಹೆಸರಾಗುತ್ತಿದ್ದರು. ಅವರು ಮುದುಕರ ರಟ್ಟೆ ಹಿಡಿದು ಎಬ್ಬಿಸಿದರು.

"ಏಳಪ್ಪ ಮ್ಯಾಲೆ. ನಾನೇನೂ ತರ್ಲಿಲ್ಲ. ಓಗಿದ್ರೆ ತಾನೆ ತರೋದು? ನಿಂಬೆಹಣ್ಣಿನ ಹುಳಿಗೆ ಬಣ್ಣ ಹೋಯ್ತು, ಸುಣ್ಣಕ್ಕೆ ಬಂತು. ಮಂತ್ರ ಇಲ್ಲ ಗಿಂತ್ರ ಇಲ್ಲ. ಮಗಾ, ಇನ್ನೊಂದಪ ಮಾಡಿ ತೋರ್ಸು."

ಇನ್ನೊಂದು ತಟ್ಟೆ ತರಿಸಿ ನಾನು ಮಾಡಿದೆ. ಕೆಂಪು, ಹಳದಿ, ಮತ್ತೆ ಕೆಂಪು. ಜನರ ಮುಖ ಸಪ್ಪೆಯಾಯಿತು. ಕೈಗೆ ಸಿಕ್ಕಿದ್ದ ಪವಾಡವನ್ನು ಯಾರೋ ಕಿತ್ತುಕೊಂಡ ಹಾಗೆ ಒಬ್ಬರನ್ನೊಬ್ಬರು ನೋಡಿದರು. ಅತ್ತಿಗೆ ಮಾತ್ರ ತಲೆ ಎತ್ತಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಬಲಗಾಲಿಟ್ಟು ಒಳಗೆ ಬಂದಳು.

ಊಟದ ಗಲಾಟೆ ಕಳೆದ ಮೇಲೆ ನಾನು ಅಯ್ನೋರನ್ನು ಕೇಳಿದೆ, ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು. ಅವರು ಜೋಳಿಗೆ ಸರಿಮಾಡಿಕೊಳ್ಳುತ್ತ ಹೇಳಿದರು: "ಸುಣ್ಣ ಹಾಕಿದ್ದ ಪವಾಡ ಅಂತ ಒಪ್ಕೊಂಡ್ರೆ, ಮೊದ್ಲು ಆದದ್ದ ಅಪಶಕುನ ಅಂತಾನೂ ಒಪ್ಕೊಂಡಂಗೆ ಅಲ್ವಾ ಮಗಾ? ಇವತ್ತು ಕಾಲಿಗೆ ಬೀಳೋ ಜನವೇ ನಾಳೆ ಆ ಹುಡ್ಗಿ ಮ್ಯಾಲೆ ಬೀಳ್ತಾರೆ."

ಅದೇ ಸಂಜೆ ಅಜ್ಜಿ ಅವರನ್ನು ಜಗಲಿಯಲ್ಲಿ ತಡೆದು ನಿಲ್ಲಿಸಿದಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ನೋಡಿರಲಿಲ್ಲ. "ದೇವರ ಪಾಠ ಅಂತ ಏಳಿ ನನ್ ಮನೆವೊಳಗೆ ಇದ ಮಾಡ್ತಿದ್ರಾ ಅಯ್ನೋರೆ? ನಾಳಿಂದ ಪೂಜೆಗೆ ಬನ್ನಿ. ಪಾಠಕ್ಕೆ ಬರ್ಬೇಡಿ." ಅಯ್ನೋರು "ಆಗ್ಲಿ ತಾಯಿ" ಎಂದು ಮೆಟ್ಟಿಲಿಳಿದು ಹೋದರು. ಪರೀಕ್ಷೆಗೆ ಹೆಸರು ಕೊಟ್ಟಾಗಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡು ಮತ್ತೆ ಕಣಜದ ಮರೆಗೆ ಹೋದೆ.

ಅವರ ಕಥೆಯೂ ಸುಲಭದ್ದಾಗಲಿಲ್ಲ. ಮಂತ್ರಕ್ಕೆ ಬದಲು ಸುಣ್ಣ ಹಾಕುವ ಅಯ್ನೋರು ನಮಗ್ಯಾಕೆ ಎಂದು ಒಂದೊಂದೇ ಮನೆಯವರು ಪೂಜೆಗೆ ಬೇರೆಯವರನ್ನು ಕರೆಯಲು ಶುರು ಮಾಡಿದರು. ಹಿಂದಿನಿಂದ "ಸುಣ್ಣದ ಅಯ್ನೋರು" ಎಂದು ನಗುವವರು ಬೇರೆ. ಅದು ಅವರ ಕಿವಿಗೂ ಬಿತ್ತು. "ಇರ್ಲಿ ಬುಡಿ, ಮನೆಗೆ ಬಳಿಯೋಕೂ ಬೇಕು, ಎಲೆಗೆ ಹಚ್ಚೋಕೂ ಬೇಕು" ಎಂದು ಅವರೇ ನಕ್ಕರಂತೆ.

ಮದುವೆಯ ಚಪ್ಪರ ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋಗುತ್ತೇನೆ, ಅಜ್ಜಿ ಒಗೆಯುವ ಕಲ್ಲಿನ ಮೇಲೆ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಾಳೆ. ಎಲ್ಲದರಲ್ಲೂ ಓಕುಳಿ ನೀರು. ಒಂದು ಚಿಪ್ಪಿನ ಮುಂದೆ ಕೈ ಮುಗಿದು ಶಿವನಾಮ ಹೇಳಿ ನಿಂಬೆಹಣ್ಣು ಹಿಂಡಿದಳು. ಹಳದಿಯಾಯಿತು. ಇನ್ನೊಂದಕ್ಕೆ "ಹಾಳಾಗೋಗು ಮುಂಡೇದೇ" ಎಂದು ಬಾಯಿಗೆ ಬಂದಂತೆ ಬೈದು ಹಿಂಡಿದಳು. ಅದೂ ಹಳದಿಯಾಯಿತು. ಸುಣ್ಣ ಹಾಕಿ ಮತ್ತೆ ಎರಡನ್ನೂ ಕೆಂಪು ಮಾಡಿದಳು. ಅಬ್ಬಾ, ಮುಂದೆ ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನಾನು ಅಂಥ ಚೊಕ್ಕ ಪ್ರಯೋಗವನ್ನು ಇನ್ನೊಂದು ಕಂಡಿಲ್ಲ!

ನನ್ನನ್ನು ಕಂಡು, "ಕಳ್ಳಿ ಅಂಗೆ ಏನ್ ನೋಡೀಯೆ, ಬಾ ಇಲ್ಲಿ" ಎಂದಳು. ಹತ್ತಿರ ಕೂತೆ. "ಮುಗುದ್ರೂ ಅಷ್ಟೆ, ಬೈದ್ರೂ ಅಷ್ಟೆ. ಇದಕ್ಕೆ ಕಿವಿನೇ ಇಲ್ಲ ಕಣೇ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದ ಹಾಗೆ ಇತ್ತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಮುಂದಿನ ಸೋಮವಾರ ಪೂಜೆ ಮುಗಿಸಿ ಹೊರಟಿದ್ದ ಅಯ್ನೋರನ್ನು ಅವಳೇ ಕೂಗಿದಳು. "ಯಾಕ್ ಅಯ್ನೋರೆ, ಪಾಠ ಮರ್ತುಬುಟ್ರಾ? ಎಣ್ಣಿನ ಪರೀಕ್ಷೆ ಹತ್ರ ಬಂತು." ಪಾಠ ನಿಲ್ಲಿಸಿದ್ದು ಅವರೇ ಎಂಬ ಹಾಗೆ! ನಾವು ಮುಚ್ಚಿಟ್ಟಿದ್ದ ಪರೀಕ್ಷೆಯ ಸುದ್ದಿ ಅವಳಿಗೆ ಯಾವತ್ತೋ ಗೊತ್ತಾಗಿತ್ತು. ಅಪ್ಪ ನಗು ತಡೆಯಲಾರದೆ ಕೊಟ್ಟಿಗೆ ಕಡೆಗೆ ಹೋದರು. "ಆ ಹೊಸ ಹುಡ್ಗಿನೂ ಕೂತ್ಕಳ್ಳಿ. ಸುಮ್ಕೆ ಒಳಗೆ ಕೂತು ಏನ್ ಮಾಡೀತು" ಎಂದೂ ಸೇರಿಸಿದಳು. ಅಂದಿನಿಂದ ಕಂಬದ ಈ ಕಡೆ ನಾನು, ಆ ಕಡೆ ಅತ್ತಿಗೆ. ಅಯ್ನೋರು ನನ್ನನ್ನು ಹುಣಸೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿದರು. ನಾನು ಬರೆಯುವಷ್ಟು ಹೊತ್ತೂ ಹೊರಗೆ ಮರದ ಕೆಳಗೆ ಕೂತಿದ್ದರು. ಪಾಸಾದೆ. ಮುಂದಿನ ಸಲ ಅತ್ತಿಗೆಯೂ ಪಾಸಾದಳು.

ಅಣ್ಣ ಹೋದದ್ದು ಅದರ ಮಾರನೆಯ ವರ್ಷ. ವಿಷಮಶೀತ ಜ್ವರ. ಮೈಸೂರಿನ ಆಸ್ಪತ್ರೆಯಿಂದ ಗಾಡಿಯಲ್ಲಿ ತಂದು, ನಮ್ಮವರ ಪದ್ಧತಿಯಂತೆ ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದರು. ಅತ್ತಿಗೆಯ ಮಡಿಲಲ್ಲಿ ಹಾಲು ಕುಡಿಯುವ ಕೂಸು. ಅವಳು ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತಿದ್ದಳು. ಅಯ್ನೋರು ಗಂಡಸರೊಂದಿಗೆ ಹೊಲದಲ್ಲಿ ಗುಂಡಿ ತೋಡಿಸಲು ಹೋಗಿದ್ದರು. ಅಷ್ಟರಲ್ಲಿ ಹೆಂಗಸರ ನಡುವೆ ಗುಸುಗುಸು ಎದ್ದಿತು. ಯಾವಳೋ ಎಲ್ಲರಿಗೂ ಕೇಳುವಂತೆಯೇ ಅಂದಳು: "ಅವತ್ತೇ ಓಕುಳಿ ಹೇಳಿತ್ತು ಕಣ್ರವ್ವ. ಆ ಅಯ್ನೋರು ಸುಣ್ಣ ಬಳ್ದು ಮುಚ್ಚುದ್ರು. ಇವ್ಳ ಕಾಲ್ಗುಣಕ್ಕೆ ಬಂಗಾರದಂಥ ಮಗ ಓದ."

ಅತ್ತಿಗೆಯ ಕತ್ತು ಇನ್ನಷ್ಟು ಬಗ್ಗಿತು. ಮೊಮ್ಮಗನ ಕಾಲ ಬಳಿ ಕೂತಿದ್ದ ಅಜ್ಜಿ ನೆಲಕ್ಕೆ ಕೈಯೂರಿ ಎದ್ದಳು.

"ಆ ನಿಂಬೆಹಣ್ಣ ಮಡಗಿದೋಳು ನಾನು."

ಎಲ್ಲರ ತಲೆಯೂ ಅವಳ ಕಡೆ ತಿರುಗಿತು.

"ಅಷ್ಟ್ ಚಂದಾಗಿರೋ ಎಣ್ಣು, ದೃಷ್ಟಿ ಆಗ್ದೇ ಇರ್ಲಿ ಅಂತ ನಾನೇ ಎಲೆ ಅಡೀಲಿ ಮಡಗ್ದೆ. ಮುಂಡೆ ಕೈಲಿ ಮಡಗಿದ್ದು ಅಂತ ಬೈತೀರಾ, ನನ್ನ ಬೈರಿ. ಅವತ್ತು ಬಾಯ್ ಬುಡ್ನಿಲ್ಲ, ನನ್ನಿಂದಾನೇ ಕೇಡಾಯ್ತದೆ ಅಂತ ಎದೆ ಒಡ್ಕೊಂಡಿದ್ದೆ. ಆಮೇಲೆ ನಾನೇ ಮಾಡಿ ನೋಡ್ದೆ, ಒಂದಪ ಅಲ್ಲ, ಎಷ್ಟೋ ಸಲ. ಕೈ ಮುಗುದು ನೋಡ್ದೆ, ಬೈದು ನೋಡ್ದೆ." ಮೊಮ್ಮಗನ ಕಡೆ ಕೈ ತೋರಿದಳು. "ನಿಂಬೆಹಣ್ಣು ಹುಳಿ, ಅದಕ್ಕೆ ಬಣ್ಣ ಓಯ್ತು. ನನ್ ಮಗೀಗೆ ಜ್ವರ ಬಂತು, ಅದಕ್ಕೆ ಅವ್ನು ಓದ. ಎಲ್ಡೂ ಬ್ಯಾರೆ ಬ್ಯಾರೆ. ಗಂಟು ಹಾಕೋರು ಎದ್ದೋಗಿ ನನ್ ಮನೆಯಿಂದ."

ಯಾರೂ ಎದ್ದು ಹೋಗಲಿಲ್ಲ. ಅಜ್ಜಿ ಹೋಗಿ ಅತ್ತಿಗೆಯ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಆಗ ಅತ್ತಿಗೆ ಅತ್ತಳು. ನಾವೆಲ್ಲರೂ ಅತ್ತೆವು.

ಹೊಲದಿಂದ ಬಂದ ಅಯ್ನೋರಿಗೆ ನಾನು ಬಾಗಿಲಲ್ಲೇ ನಡೆದದ್ದನ್ನು ಹೇಳಿದೆ. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. "ನಿಮ್ಮಜ್ಜಿ ಕೇಳ್ತಾವ್ರೆ ಅಂತ ನಾನು ದನಿ ತಗ್ಗಿಸ್ತಿದ್ದೆನಲ್ಲ ಮಗಾ. ಜೋರಾಗೇ ಹೇಳ್ಬೋದಾಗಿತ್ತು" ಎಂದರು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಶಿವನಾಮ ಹೇಳುತ್ತ ಅಣ್ಣನ ಹಣೆಗೆ ವಿಭೂತಿ ಧರಿಸಿದರು. ಅವರು ಅಷ್ಟು ನಂಬಿ ಮಂತ್ರ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅವರು ಲಿಂಗೈಕ್ಯರಾದಾಗ ನಾನು ಹುಣಸೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಅತ್ತಿಗೆ ನಮ್ಮೂರಿನ ಪ್ರೈಮರಿ ಸ್ಕೂಲಿಗೇ ಮೇಡಮ್ಮು. ಪೂಜೆಯ ಮನೆಗಳೆಲ್ಲ ಕೈಬಿಟ್ಟುಹೋಗಿದ್ದರಿಂದ ಮಣ್ಣಿಗೆ ಬಂದವರು ಕೆಲವೇ ಜನ. ಹೆಚ್ಚಿನವರು ನಮ್ಮಿಬ್ಬರ ತರುವಾಯ ಅವರ ಹತ್ತಿರ ಮನೆಪಾಠ ಕಲಿತ ಹೆಣ್ಣುಮಕ್ಕಳು. ಗುಂಡಿಯ ಅಂಚಿನಲ್ಲಿ ಅತ್ತಿಗೆ ಪತ್ರೆ ಹಿಡಿದು ಅಳುತ್ತ ತುಂಬಾ ಹೊತ್ತು ನಿಂತಿದ್ದಳು. ಸ್ವಂತ ತಂದೆ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲವಂತೆ.

ನನಗೆ ಅಕ್ಷರ ಕೊಟ್ಟರು, ಅನ್ನ ಕೊಟ್ಟರು, ಅದು ಇರಲಿ. ಅತ್ತಿಗೆ ನಮ್ಮ ಮನೆಯಲ್ಲಿ ಮುದುಕಿಯಾಗುವ ತನಕ ಬಾಳಿದಳು. ಗಂಡ ಸತ್ತ ಹೆಣ್ಣು, ಆ ಕಾಲ, ಆ ಊರು. ಅಷ್ಟು ವರ್ಷದಲ್ಲಿ ನಮ್ಮ ಮನೆಯೊಳಗೆ ಒಬ್ಬರೂ, ಜಗಳದ ಬಾಯಲ್ಲೂ ಸಹ, ಅವಳ ಕಾಲ್ಗುಣದ ಮಾತೆತ್ತಲಿಲ್ಲ.